ಗೋಡೆ ನಮ್ಮದು, ನೆಲ ಯಾರದು?

ನಮ್ಮವ್ವ ಇಪ್ಪತ್ತೆರಡು ವರ್ಷ ಶಿವಮೊಗ್ಗದ ರವೀಂದ್ರನಗರದ ಮನೆಗಳಲ್ಲಿ ಮುಸುರೆ ತಿಕ್ಕಿದವಳು. ಚಿಕ್ಕವರಿದ್ದಾಗ ನಾವು ಅವಳ ಸೆರಗು ಹಿಡಿದು ಅಲ್ಲಿಗೆ ಹೋಗುತ್ತಿದ್ದೆವು. ಅವಳು ಹಿತ್ತಲಲ್ಲಿ ಪಾತ್ರೆ ಬೆಳಗುವಾಗ ಗೇಟಿನ ಹತ್ತಿರ ಕೂತು, ಗೋಡೆಗೆ ಹಾಕಿದ ಹೆಸರುಗಳನ್ನು ಅಕ್ಷರ ಕೂಡಿಸಿ ಓದುತ್ತಿದ್ದೆವು. ಯಜಮಾನರ ಹೆಸರು, ಅದರ ಪಕ್ಕ ಡಿಗ್ರಿ, ಅದರ ಕೆಳಗೆ ಮನೆಯ ಹೆಸರು. ಮನೆಗೂ ಒಂದು ಹೆಸರಿರುತ್ತದೆ ಎಂದು ನಮಗೆ ಗೊತ್ತಾದದ್ದು ಅಲ್ಲಿ. ನಮ್ಮ ಅಕ್ಷರಾಭ್ಯಾಸ ಶುರುವಾದದ್ದು ಬೇರೆಯವರ ಗೋಡೆಯ ಮೇಲೆ.

ಒಂದು ದಿನ ಆ ಮನೆಯ ಅಮ್ಮ ಕೇಳಿದರು: "ನಿಮ್ಮನೆ ಸ್ವಂತದ್ದೋ, ಬಾಡಿಗೇದೋ?"

ಅವ್ವ ಪಾತ್ರೆಯಿಂದ ಕೈ ತೆಗೆಯದೆ ಹೇಳಿದಳು: "ಮನೆ ನಮ್ದೇ ಕಣ್ರಮ್ಮ. ನೆಲ ಬಾಡಿಗೇದು."

ಆಯಮ್ಮ ನಕ್ಕರು. "ಅದು ಹೇಗಾಗುತ್ತೆ? ಮನೆ ಬೇರೆ ನೆಲ ಬೇರೆ ಇರುತ್ತಾ?"

ಅವ್ವ ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ. ನಮ್ಮ ಕೇರಿಯಲ್ಲಿ ಮೊದಲ ಸಲ ಬಿ.ಎ. ಪಾಸು ಮಾಡಿದ ನಾವು ಈಗ ಆ ಪ್ರಶ್ನೆಗೆ ಉತ್ತರ ಬರೆಯಲು ಕೂತಿದ್ದೇವೆ. ತಡವಾಗಿದೆ. ಆದರೂ ಬರೆಯಬೇಕು, ಯಾಕೆಂದರೆ ಈ ಉತ್ತರ ಬರೀ ನಮ್ಮೊಬ್ಬರ ಮನೆಯದಲ್ಲ.

ಪೇಟೆ ಮುಗಿದು ಗದ್ದೆ ಶುರುವಾಗುತ್ತಿದ್ದ ಕಡೆ ನಮ್ಮ ಕೇರಿ. ಈಗ ಗದ್ದೆ ಇಲ್ಲ, ಪೇಟೆ ನಮ್ಮನ್ನು ದಾಟಿ ಮುಂದೆ ಹೋಗಿದೆ. ಮೂವತ್ತು ಗುಂಟೆ ಜಾಗ, 41 ಮನೆ. ನಮ್ಮಜ್ಜ ಆ ಜಾಗದ ಧಣಿಯ ಮನೆಯಲ್ಲಿ ಜೀತಕ್ಕಿದ್ದವನು. ಆಳು ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು, ಆದರೆ ಬಾವಿಗೆ ಹತ್ತಿರ ಇರಬಾರದು. ಹಾಗೆ ಲೆಕ್ಕ ಹಾಕಿ ಧಣಿ ತನ್ನ ಗದ್ದೆಯ ಅಂಚಿನ ಬರಡು ಜಾಗ ತೋರಿಸಿ, "ಅಲ್ಲಿ ಗುಡ್ಲು ಹಾಕ್ಕೊಳ್ರೋ" ಅಂದನಂತೆ. ಅಜ್ಜ, ಅವನ ತಮ್ಮ, ಇನ್ನೂ ನಾಲ್ಕೈದು ಜನ ಮುಳ್ಳು ಕಡಿದು, ಕಲ್ಲು ಹೆಕ್ಕಿ, ಮಣ್ಣು ತುಂಬಿ ಜಾಗ ಮಾಡಿದರು. ಅದಕ್ಕೆ ಕೂಲಿ ಸಿಗಲಿಲ್ಲ.

1976ರಲ್ಲಿ ಜೀತ ರದ್ದು ಮಾಡುವ ಕಾಯ್ದೆ ಬಂತು. ಅಜ್ಜ ಬಿಡುಗಡೆಯಾದ. ಅದಾದ ಕೆಲವು ತಿಂಗಳಿಗೆ ಧಣಿ ಕರೆದು ಹೇಳಿದನಂತೆ: "ಈಗ ನೀನು ಜೀತದಾಳಲ್ಲ ಕಣಪ್ಪ, ನನ್ನ ಬಾಡಿಗೆದಾರ. ತಿಂಗಳಿಗೆ ಐದು ರೂಪಾಯಿ ನೆಲಬಾಡಿಗೆ ಇಡು." ಜೀತ ಹೋಯಿತು, ಬಾಡಿಗೆ ಬಂತು. ಹೆಸರು ಬದಲಾಯಿತು, ಹಗ್ಗ ಬದಲಾಗಲಿಲ್ಲ.

ಆ ಐದು ರೂಪಾಯಿಯನ್ನು ಧಣಿಯ ಕೈಗೆ ಕೊಡುವ ಹಾಗಿರಲಿಲ್ಲ. ಜಗಲಿಯ ಮೂಲೆಯಲ್ಲಿ ಇಟ್ಟು ಹಿಂದೆ ಸರಿಯಬೇಕಿತ್ತು. ಮೈಲಿಗೆ ದುಡ್ಡಿಗಿರಲಿಲ್ಲ, ಕೈಗಿತ್ತು. ಕೈಗೆ ಕೈ ತಾಗದ ಕಡೆ ರಸೀದಿ ಎಲ್ಲಿಂದ ಬರಬೇಕು? ಐದು ಹತ್ತಾಯಿತು, ಐವತ್ತಾಯಿತು, ಕೊನೆಗೆ ಮುನ್ನೂರಾಯಿತು. ಒಂದು ಚೂರು ಕಾಗದ ಬರಲಿಲ್ಲ. ಓದು ಬಾರದ ನಮ್ಮಜ್ಜಿ ಬಾಡಿಗೆ ಕೊಟ್ಟ ತಿಂಗಳು ಬಾಗಿಲ ಹಿಂದೆ ಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದಳು. ಹನ್ನೆರಡು ಗೀಟಾದ ಮೇಲೆ ಒಂದು ಅಡ್ಡ ಗೀಟು. ಆ ಬಾಗಿಲು ಇವತ್ತಿಗೂ ನಮ್ಮ ಮನೆಯಲ್ಲಿದೆ. ಅದೇ ನಮ್ಮ ರಸೀದಿ ಪುಸ್ತಕ.

ಗೆಳೆಯರೇ, ಮನೆ ತನ್ನದಾಗಿ ನೆಲ ಇನ್ನೊಬ್ಬನದಾದರೆ ಬದುಕು ಹೇಗಿರುತ್ತದೆ ಎಂದು ಬಾಡಿಗೆ ಮನೆಯಲ್ಲಿರುವವರಿಗೂ ಗೊತ್ತಾಗುವುದಿಲ್ಲ. ಬಾಡಿಗೆ ಮನೆಯವನು ಗಂಟು ಕಟ್ಟಿಕೊಂಡು ಹೋಗಬಹುದು. ನಾವು ಇಟ್ಟಿಗೆಯನ್ನು ಕಟ್ಟಿಕೊಂಡು ಹೋಗುವುದು ಹೇಗೆ? ನಮ್ಮಪ್ಪ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಯಾಗಿ ದುಡಿದ ದುಡ್ಡಿನಲ್ಲಿ ಎರಡು ಗೋಡೆ ಎಬ್ಬಿಸಿದ, ಶೀಟು ಹೊದಿಸಿದ. ಮಳೆಗಾಲಕ್ಕೆ ಮುಂಚೆ ಗೋಡೆ ಎತ್ತರಿಸಬೇಕಾದರೆ ಧಣಿಯನ್ನು ಕೇಳಬೇಕು. ಅಕ್ಕನ ಮದುವೆಗೆ ಚಪ್ಪರ ಹಾಕಬೇಕಾದರೆ ಕೇಳಬೇಕು. ಎಲೆಕ್ಷನ್ ಬಂದರೆ ಅವರೇ ಹೇಳುತ್ತಾರೆ, ನಾವು ಕೇಳಬೇಕು. ಬಾಯಿಬಿಟ್ಟು ಯಾರೂ "ಎದ್ದು ಹೋಗ್ರಿ" ಅನ್ನಬೇಕಾಗಿಲ್ಲ. ಆ ಮಾತು ಕಾಲ ಕೆಳಗೇ ಇರುತ್ತದೆ.

ಇದೇ ಶಿವಮೊಗ್ಗ ಜಿಲ್ಲೆಯಲ್ಲಿ, ಸಾಗರದ ಕಾಗೋಡಿನಲ್ಲಿ, 1951ರಲ್ಲಿ ಗೇಣಿದಾರರು ಒಡೆಯರ ಎದುರು ನಿಂತರು. ಒಡೆಯ ಅಳೆದುಕೊಳ್ಳುವ ಕೊಳಗ ದೊಡ್ಡದು ಎಂಬ ಮಾತಿನಿಂದ ಎದ್ದ ಜಗಳ ಸತ್ಯಾಗ್ರಹವಾಯಿತು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಆ ಮಣ್ಣಿನ ಮಾತನ್ನು ವಿಧಾನಸಭೆಗೆ ಕೊಂಡೊಯ್ದರು. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂದರು. ಸಾವಿರಾರು ಗೇಣಿದಾರರು ಒಡೆಯರಾದರು. ಅದು ದೊಡ್ಡ ಕೆಲಸ, ಇಲ್ಲ ಅನ್ನುವವರು ನಾವಲ್ಲ.

ಆದರೆ ನಮ್ಮಜ್ಜ ಗೇಣಿದಾರನಲ್ಲ. ಗೇಣಿ ಮಾಡಲು ನಮಗೆ ಭೂಮಿ ಕೊಡುವವರು ಯಾರಿದ್ದರು? ಅವನು ಜೀತದಾಳು. ನೇಗಿಲು ಹಿಡಿದದ್ದು ಅವನ ಕೈ, ಅರ್ಜಿಯಲ್ಲಿ ಬರೆದದ್ದು ಬೇರೆ ಹೆಸರು. ಭೂಮಿ ಒಡೆಯನಿಂದ ಗೇಣಿದಾರನಿಗೆ ಹೋಗುವಾಗ ನಾವು ಬದುವಿನ ಮೇಲೆ ನಿಂತು ನೋಡಿದೆವು.

ಅದೇ ಹೊತ್ತಿಗೆ, ಎಪ್ಪತ್ತರ ದಶಕದಲ್ಲಿ, ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪ ಮತ್ತು ಅವರ ಗೆಳೆಯರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ನಮ್ಮ ದೊಡ್ಡಪ್ಪ ಆಗ ಹುಡುಗ. ಸಭೆಯಲ್ಲಿ ಕೇಳಿದ ಮಾತನ್ನು ಸಾಯುವವರೆಗೂ ಹೇಳುತ್ತಿದ್ದ: "ದೇವಸ್ಥಾನದ ಬಾಗ್ಲು ಆಮೇಲೆ ಕೇಳನ, ಮೊದ್ಲು ಭೂಮಿ ಕೇಳನ."

ಕೇಳಬೇಕಾದ ದಿನ ನಮಗೂ ಬಂತು. ಹಳೆಯ ಧಣಿ ತೀರಿಕೊಂಡ. ಮಕ್ಕಳು ಬೇರೆ ಊರಲ್ಲಿದ್ದವರು. ಒಂದು ಬೆಳಿಗ್ಗೆ ಇಬ್ಬರು ಟೇಪು ಹಿಡಿದು ಬಂದು ನಮ್ಮ ಅಂಗಳ ಅಳೆಯತೊಡಗಿದರು. ಒಲೆಯ ಮುಂದೆ ಕೂತ ಅಜ್ಜಿಗೆ "ಸ್ವಲ್ಪ ಕಾಲು ತೆಗಿಯಮ್ಮ" ಅಂದರು. ಸಂಜೆ ಒಬ್ಬ ಏಜೆಂಟ್ ಬಂದ. ಜಾಗ ಲೇಔಟ್ ಆಗುತ್ತದೆ, ಮನೆಗೆ 50 ಸಾವಿರ ಕೊಡುತ್ತೇವೆ, ಮೂರು ತಿಂಗಳಲ್ಲಿ ಖಾಲಿ ಮಾಡಿ ಎಂದ.

ಆ ರಾತ್ರಿ ನಲ್ಲಿಯ ಹತ್ತಿರ ಕೇರಿಯೆಲ್ಲ ಸೇರಿತು. ಕೆಲವರು ಅತ್ತರು, ಕೆಲವರು ಬೈದರು. ನಾವು ಏನು ಮಾಡಿದೆವು? ನಾಚಿಕೆಯಿಲ್ಲದೆ ಹೇಳುತ್ತೇವೆ, ನಾವು ಪದ್ಯ ಬರೆದೆವು. ರಾತ್ರಿಯೆಲ್ಲ ಕೂತು, ಬೆಂಕಿ, ನೆತ್ತರು, ಕತ್ತಿ ಎಲ್ಲ ತುಂಬಿ ಬರೆದು ಬೆಳಿಗ್ಗೆ ಅವ್ವನಿಗೆ ಓದಿದೆವು. ಅವಳು ಪೂರ್ತಿ ಕೇಳಿದಳು. "ಚೆನ್ನಾಗೈತೆ ಮಗಾ" ಅಂದಳು. ಆಮೇಲೆ ಕೇಳಿದಳು: "ಪದ್ಯ ಬರದ್ರೆ ಪಾಣಿ ಆತದಾ?"

ಆ ಮಾತಿಗೆ ನಮ್ಮ ಬಿ.ಎ. ಮೂರು ವರ್ಷ ಉತ್ತರ ಕಲಿಸಿರಲಿಲ್ಲ. ಮಾರನೆಯ ದಿನದಿಂದ ಪದ್ಯದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಕಾನೂನು ಬರೆದುಕೊಳ್ಳಲು ಶುರು ಮಾಡಿದೆವು. ಕಲಿತದ್ದನ್ನು ಇಲ್ಲಿ ಹೇಳುತ್ತೇವೆ. ನಿಮ್ಮ ಊರಿನ ಕೇರಿಗೂ ಬೇಕಾಗಬಹುದು.

ಕರ್ನಾಟಕ ಭೂಸುಧಾರಣೆ ಕಾಯ್ದೆಯಲ್ಲಿ 38ನೇ ಕಲಮು ಎಂದೊಂದಿದೆ. ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡ ಕೃಷಿಕೂಲಿಗೆ ಆ ಮನೆಯ ಜಾಗದ ಒಡೆತನ ಕೊಡುವ ಕಲಮು ಅದು. 2016ರ ತಿದ್ದುಪಡಿ ಇದಕ್ಕೆ 38ಎ ಸೇರಿಸಿತು. ಅದನ್ನು ತಂದವರು ಆಗ ಕಂದಾಯ ಮಂತ್ರಿಯಾಗಿದ್ದ ಕಾಗೋಡು ತಿಮ್ಮಪ್ಪ, ಅದೇ ಕಾಗೋಡಿನ ನೆಲದವರು. ವಾಸಿಸುವವನೇ ಮನೆಯೊಡೆಯ ಎಂಬುದು ಅದರ ಘೋಷಣೆ. ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪು, ಕಾಲೋನಿ, ಹೀಗೆ ದಾಖಲೆಯಲ್ಲಿ ಹೆಸರೇ ಇಲ್ಲದ ಜನವಸತಿಗಳಿಗೆ ಹಕ್ಕುಪತ್ರ ಕೊಡುವ ದಾರಿ ಅದು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಮಂತ್ರಿಯೇ ಬಂದು ತಾಂಡಾಗಳ ಜನಕ್ಕೆ ಹಕ್ಕುಪತ್ರ ಹಂಚಿದರು. 2025ರ ಮೇ 20ರಂದು ಹೊಸಪೇಟೆಯಲ್ಲಿ ಇನ್ನೊಂದು ಪಕ್ಷದ ಸರ್ಕಾರ 1,11,111 ಹಕ್ಕುಪತ್ರ ಹಂಚಿತು. ಪಕ್ಷ ಯಾವುದಾದರೂ ಇರಲಿ, ವೇದಿಕೆ ಎಷ್ಟು ದೊಡ್ಡದಾದರೂ ಇರಲಿ, ಒಂದು ಕಾಗದ ಕೈಗೆ ಬಂದಾಗ ಆ ಲಂಬಾಣಿ ತಾಯಂದಿರಿಗೆ ಆದದ್ದೇನು ಎಂದು ನಮಗೆ ಗೊತ್ತು.

ನಾವೂ ಅರ್ಜಿ ಹಿಡಿದು ಹೋದೆವು. ಕಚೇರಿಯಲ್ಲಿ ಒಬ್ಬರು ನಕ್ಷೆ ನೋಡಿ ಹೇಳಿದರು: "ಇದು ಹಳ್ಳಿಯವರಿಗೆ. ನಿಮ್ಮ ಸರ್ವೆ ನಂಬರು ಪಟ್ಟಣದ ಗಡಿಯೊಳಗೆ ಬಂದಿದೆಯಲ್ಲ."

ನಾವು ಪಟ್ಟಣಕ್ಕೆ ಹೋಗಿರಲಿಲ್ಲ. ಪಟ್ಟಣವೇ ನಮ್ಮಲ್ಲಿಗೆ ಬಂದದ್ದು.

ಪಟ್ಟಣದವರಿಗೆ ಇರುವುದು 1973ರ ಕೊಳಚೆ ಪ್ರದೇಶಗಳ ಕಾಯ್ದೆ. ಸರ್ಕಾರ ಒಂದು ಕೇರಿಯನ್ನು ಕೊಳಚೆ ಪ್ರದೇಶವೆಂದು ಘೋಷಿಸಬಹುದು. ಖಾಸಗಿಯವರ ಜಾಗವಾದರೆ ಪರಿಹಾರ ಕೊಟ್ಟು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ಆ ಅರ್ಜಿಯನ್ನೂ ಓದಿ ಹೇಳಿದೆವು. ಅಜ್ಜಿಗೆ ಸಿಟ್ಟು ಬಂತು: "ದಿನಾ ಬೆಳಿಗ್ಗೆ ಸಗಣಿ ಹಾಕಿ ಸಾರುಸ್ತೀನಿ. ನನ್ ಮನೆ ಕೊಳಚೆ ಹೆಂಗಾತದೆ?" ನೆಲ ಬೇಕಾದರೆ ನಾವು ಮೊದಲು ಕೊಳಚೆ ಎಂದು ಒಪ್ಪಿಕೊಳ್ಳಬೇಕು. ಅವ್ವ ಸಮಾಧಾನ ಮಾಡಿದಳು: "ಕಾಗ್ದದಾಗೆ ಅಂದ್ಕಳ್ಳಿ ಬಿಡತ್ತೆ. ಅವ್ರು ಅನ್ನದೇ ಇರೋದು ಯಾವತ್ತು?" ಎಲ್ಲರೂ ಹೆಬ್ಬೆಟ್ಟು ಒತ್ತಿದರು, ಸಹಿ ಬರುವವರು ಸಹಿ ಹಾಕಿದರು. ಆ ಅರ್ಜಿ ಇನ್ನೂ ಕದಲಿಲ್ಲ.

ಆಗ ಹೆಂಗಸರು ಒಂದು ಮಾತು ಎತ್ತಿದರು. ಮಾರುವುದೇ ಆದರೆ ನಮಗೇ ಮಾರಲಿ. ಹೊರಗಿನವನು ಕೊಡುವ ದುಡ್ಡನ್ನು ನಾವೇ ಕೂಡಿಸಿ ಕೊಡೋಣ.

ಗಂಡಸರು ನಕ್ಕರು. ಲೆಕ್ಕ ಹಾಕಿ ನಗುವುದು ಒಳ್ಳೆಯದೆಂದು ನಾವು ಲೆಕ್ಕ ಹಾಕಿದೆವು. ಗುಂಟೆಗೆ ಐದು ಲಕ್ಷ ಹೇಳುತ್ತಿದ್ದರು. ಮೂವತ್ತು ಗುಂಟೆಗೆ ಒಂದೂವರೆ ಕೋಟಿ. ಮನೆಗೊಂದು ವಾರಕ್ಕೆ 100 ರೂಪಾಯಿಯಂತೆ 41 ಮನೆ ಕೂಡಿಟ್ಟರೆ ವರ್ಷಕ್ಕೆ 2,13,200. ಒಂದೂವರೆ ಕೋಟಿಯಾಗಲು 70 ವರ್ಷ. ಅಷ್ಟು ಹೊತ್ತಿಗೆ ಆ ಜಾಗದ ಬೆಲೆ ಎಲ್ಲಿರುತ್ತದೋ, ನಾವು ಎಲ್ಲಿರುತ್ತೇವೋ.

ಸಾಲ ಕೇಳಲು ಹೋದೆವು. ಅಡಮಾನಕ್ಕೆ ಏನಿದೆ ಎಂದರು. ಕೊಳ್ಳುವ ನೆಲವೇ ಇದೆ ಎಂದೆವು. ಅದು ನಿಮ್ಮದಲ್ಲವಲ್ಲ ಎಂದರು. ಆದರೆ ರವೀಂದ್ರನಗರದಂಥ ಬಡಾವಣೆಗಳಲ್ಲಿ ಮನೆ ಕೊಳ್ಳುವವರೆಲ್ಲ ಮಾಡುವುದೂ ಇದನ್ನೇ. ಕೊಳ್ಳುವ ಮನೆಯನ್ನೇ ಒತ್ತೆಯಿಟ್ಟು ಸಾಲ ಪಡೆಯುತ್ತಾರೆ. ಅವರಿಗೂ ನಮಗೂ ಇರುವ ವ್ಯತ್ಯಾಸ ಒಂದು ಸಂಬಳದ ಚೀಟಿ. ಮನೆಮನೆ ಮುಸುರೆ ತಿಕ್ಕುವವಳಿಗೆ ಸಂಬಳದ ಚೀಟಿ ಕೊಡುವವರು ಯಾರು?

ದುಡ್ಡು ಸಿಕ್ಕರೂ ಇನ್ನೊಂದು ಗೋಡೆ ಇದೆ. ನಮ್ಮ ಜಾಗ ಪಹಣಿಯಲ್ಲಿ ಇನ್ನೂ ಗದ್ದೆ. ಗದ್ದೆಯನ್ನು ತುಂಡು ಮಾಡಿ ಮನೆಗೊಂದು ನಿವೇಶನವಾಗಿ ಬರೆಸುವ ಹಾಗಿಲ್ಲ. ಮೊದಲು ಭೂಪರಿವರ್ತನೆ ಆಗಬೇಕು, ಆಮೇಲೆ ಬಡಾವಣೆಯ ನಕ್ಷೆಗೆ ಒಪ್ಪಿಗೆ ಸಿಗಬೇಕು, ನಕ್ಷೆಯಲ್ಲಿ ಅಗಲವಾದ ರಸ್ತೆ ಇರಬೇಕು, ಪಾರ್ಕಿಗೆ ಜಾಗ ಬಿಡಬೇಕು. ನಮ್ಮ ಓಣಿಯಲ್ಲಿ ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒರಗಬೇಕು. ನಕ್ಷೆಯ ಅಳತೆಗೆ ಬರಬೇಕಾದರೆ ಅರ್ಧ ಮನೆಗಳನ್ನು ನಾವೇ ಕೆಡವಬೇಕು. 2020ರಲ್ಲಿ ಸರ್ಕಾರ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿತು. ಆವತ್ತಿನಿಂದ, ಕೆಸರು ತುಳಿದಿರದಿದ್ದರೂ, ಎಷ್ಟೇ ಆದಾಯವಿದ್ದರೂ, ದುಡ್ಡಿದ್ದವನು ಗದ್ದೆ ಕೊಳ್ಳಬಹುದು. ಮೂರು ತಲೆಮಾರು ಅದರ ಮೇಲೆ ಮಲಗಿದವರು ಮಾತ್ರ ತಮ್ಮ ಚಾಪೆಯಗಲ ಕೊಳ್ಳಲಾರರು.

ಇಂಥ ಕಷ್ಟ ನಮಗೊಬ್ಬರಿಗೇ ಎಂದುಕೊಂಡಿದ್ದೆವು. ಓದುತ್ತಾ ಹೋದಾಗ ತಿಳಿಯಿತು, ಅಮೆರಿಕದಂಥ ಸಿರಿವಂತ ದೇಶದಲ್ಲೂ ಲಕ್ಷಾಂತರ ಬಡವರು ಹೀಗೇ ಇದ್ದಾರೆ. ಅಲ್ಲಿ ಕಾರ್ಖಾನೆಯಲ್ಲಿ ಮಾಡಿ ಗಾಲಿಯ ಮೇಲೆ ತರುವ ಮನೆಗಳಿವೆ. ಹೆಸರು ಚಲಿಸುವ ಮನೆ, ಆದರೆ ಒಮ್ಮೆ ಇಳಿಸಿದರೆ ಎತ್ತಿಸುವ ಖರ್ಚು ಭರಿಸಲಾರದೆ ಅಲ್ಲೇ ಕೂರುತ್ತದೆ. ಮನೆ ಕೂಲಿಯವನದು, ಕೆಳಗಿನ ನೆಲ ಇನ್ನೊಬ್ಬನದು. ತಿಂಗಳು ತಿಂಗಳು ನೆಲಬಾಡಿಗೆ. ಒಡೆಯ ಜಾಗವನ್ನು ದೊಡ್ಡ ಕಂಪನಿಗೆ ಮಾರಿದ ದಿನ ಬಾಡಿಗೆ ಏರುತ್ತದೆ, ಇಲ್ಲವೇ ಜಾಗ ಖಾಲಿ ಮಾಡಬೇಕಾಗುತ್ತದೆ. ನಮ್ಮವ್ವ ರವೀಂದ್ರನಗರದಲ್ಲಿ ಹೇಳಿದ ಮಾತನ್ನೇ ಅಲ್ಲಿಯವರೂ ಹೇಳುತ್ತಿರಬೇಕು.

1984ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೆರೆಡಿತ್ ಎಂಬ ಊರಿನಲ್ಲಿ ಹೀಗಿದ್ದ 13 ಕುಟುಂಬಗಳು ಸೇರಿ ಸಹಕಾರ ಸಂಘ ಮಾಡಿಕೊಂಡವು. ಬಡವರಿಗೆಂದೇ ಹುಟ್ಟಿದ ಒಂದು ಸಾಲನಿಧಿ ಅವರಿಗೆ ದುಡ್ಡು ಕೊಟ್ಟಿತು. ಇಡೀ ಜಾಗವನ್ನು ಸಂಘದ ಹೆಸರಿಗೆ ಕೊಂಡರು. ಮನೆ ಆಯಾ ಕುಟುಂಬದ್ದು, ನೆಲ ಎಲ್ಲರದು, ಮನೆಗೊಂದು ಓಟು. ಮೊದಲು ಒಡೆಯನಿಗೆ ಕೊಡುತ್ತಿದ್ದ ಬಾಡಿಗೆಯಲ್ಲೇ ಸಾಲ ತೀರಿಸುವುದು. ಆ ಒಂದು ಬೀಜದಿಂದ 2008ರಲ್ಲಿ ದೇಶವ್ಯಾಪಿ ಸಂಸ್ಥೆಯೊಂದು ಬೆಳೆಯಿತು. ಈಗ ಅಂಥ 300ಕ್ಕೂ ಹೆಚ್ಚು ವಸತಿಗಳು ತಮ್ಮ ನೆಲಕ್ಕೆ ತಾವೇ ಒಡೆಯರು. ಆ ರಾಜ್ಯದ ಕಾನೂನಿನ ಪ್ರಕಾರ ಜಾಗದ ಒಡೆಯ ಅದನ್ನು ಮಾರುವುದಕ್ಕೆ 60 ದಿನ ಮುಂಚೆ ನಿವಾಸಿಗಳಿಗೆ ನೋಟೀಸು ಕೊಡಬೇಕು, ಅವರು ಕೊಳ್ಳಲು ಮುಂದೆ ಬಂದರೆ ಅವರ ಮಾತು ಕೇಳಬೇಕು.

ಅಮೆರಿಕ ದೂರವಾಯಿತು ಅನ್ನುವವರಿಗೆ ಥಾಯ್ಲೆಂಡ್ ಇದೆ. ಅಲ್ಲಿಯ ಸರ್ಕಾರ 2003ರಲ್ಲಿ ಬಾನ್ ಮನ್‌ಕೋಂಗ್ ಎಂಬ ಕಾರ್ಯಕ್ರಮ ತಂದಿತು. ಭದ್ರವಾದ ಮನೆ ಎಂದು ಅದರ ಅರ್ಥ. ಅಲ್ಲಿ ಸಾಲ ಒಬ್ಬೊಬ್ಬರಿಗೆ ಕೊಡುವುದಿಲ್ಲ, ಕೇರಿಗೆ ಕೊಡುತ್ತಾರೆ. ಕೇರಿಯವರು ಮೊದಲು ಉಳಿತಾಯದ ಸಂಘ ಕಟ್ಟಬೇಕು. ನೆಲವನ್ನು ಕೊಳ್ಳುವುದೋ ದೀರ್ಘ ಗುತ್ತಿಗೆಗೆ ಪಡೆಯುವುದೋ ಸಂಘವೇ ತೀರ್ಮಾನಿಸುತ್ತದೆ.

ಇದನ್ನು ನಲ್ಲಿಯ ಹತ್ತಿರ ಓದಿ ಹೇಳಿದಾಗ ಒಬ್ಬ ಹಿರಿಯರು ಎದ್ದು ನಿಂತು ಕೇಳಿದ ಪ್ರಶ್ನೆ ಇನ್ನೂ ನಮ್ಮನ್ನು ಚುಚ್ಚುತ್ತಿದೆ: "ನಿಮ್ಮಜ್ಜನ ಜೀತ, ನಮ್ಮಪ್ಪನ ಬೆವರು, ಐವತ್ತು ವರ್ಷದ ಬಾಡ್ಗೆ, ಇಷ್ಟು ಕೊಟ್ಟು ಮುಗುದೈತೆ. ಮತ್ತೆ ದುಡ್ಡು ಕೊಟ್ಟು ಕೊಳ್ಳಾದು ಯಾಕ್ಲಾ? ಹಕ್ಕು ಅಂದ್ರೆ ಕೊಳ್ಳೋ ಸಾಮಾನಾ?"

ಈ ಪತ್ರಿಕೆ ಓದುವ ಗೆಳೆಯರೂ ಇದನ್ನೇ ಕೇಳುತ್ತಾರೆಂದು ಗೊತ್ತು. ಅವರ ಮಾತು ನ್ಯಾಯವಾದದ್ದು. ನೆಲದ ಬೆಲೆಯನ್ನು ನಾವು ಎಂದೋ ತೆತ್ತಿದ್ದೇವೆ. ಆದರೆ 1974ರಲ್ಲಿ ಗೇಣಿದಾರರಿಗೆ ಭೂಮಿ ಬಂದಾಗಲೂ ಒಡೆಯರಿಗೆ ಪರಿಹಾರ ಕೊಟ್ಟೇ ಬಂತು. ಪರಿಹಾರ ಕೊಟ್ಟಿದ್ದರಿಂದ ಕಾಗೋಡಿನ ಹೋರಾಟ ವ್ಯಾಪಾರವಾಗಲಿಲ್ಲ. ಪ್ರಶ್ನೆ ಕೊಡುವುದೋ ಬಿಡುವುದೋ ಎಂಬುದಲ್ಲ. ಯಾರು ಕೊಡಬೇಕು, ಯಾರಿಗೆ ಮೊದಲು ಮಾರಬೇಕು ಎಂಬುದು.

ಯಾರು ಕೊಡಬೇಕು ಎಂಬುದಕ್ಕೂ ನಮ್ಮಲ್ಲೇ ಒಂದು ಮಾದರಿ ಇದೆ. ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆಯಲ್ಲಿ ನಿಗಮವೇ ಭೂಮಾಲೀಕನಿಂದ ಜಮೀನು ಕೊಂಡು, ಭೂಮಿಯಿಲ್ಲದ ಪರಿಶಿಷ್ಟ ಜಾತಿಯ ಕೃಷಿಕೂಲಿ ಹೆಂಗಸಿನ ಹೆಸರಿಗೆ ಬರೆಸುತ್ತದೆ. ಬೆಲೆಯಲ್ಲಿ ಅರ್ಧ ಸಹಾಯಧನ, ಅರ್ಧ ಸಾಲ. ಅದು ಉಳುವ ಭೂಮಿಗೆ ಮಾತ್ರ. ಮಲಗುವ ಭೂಮಿಗೆ ಯಾಕಿಲ್ಲ? ನಮ್ಮ ಕೇರಿಯ ಲೆಕ್ಕದಲ್ಲಿ ಒಂದೂವರೆ ಕೋಟಿಯನ್ನು 41 ಮನೆಗೆ ಹಂಚಿದರೆ ಮನೆಗೆ ಸುಮಾರು 3 ಲಕ್ಷದ 65 ಸಾವಿರ. ಅರ್ಧ ಸಹಾಯಧನ ಬಂದರೆ ಉಳಿಯುವುದು 1 ಲಕ್ಷದ 83 ಸಾವಿರ. 15 ವರ್ಷದಲ್ಲಿ ತೀರಿಸಿದರೆ ಬಡ್ಡಿ ಬಿಟ್ಟು ತಿಂಗಳಿಗೆ ಸಾವಿರದ ಆಸುಪಾಸು. ಎಪ್ಪತ್ತು ವರ್ಷದ ಲೆಕ್ಕ ಹದಿನೈದಕ್ಕೆ ಇಳಿಯುತ್ತದೆ. ನಮ್ಮ ಹೆಂಗಸರು ಹುಚ್ಚರಲ್ಲ.

ಒಟ್ಟಾಗಿ ಯಾಕೆ, ಒಬ್ಬೊಬ್ಬರಿಗೇ ಬರೆದುಕೊಟ್ಟರೆ ಆಗದೇ ಎಂದೂ ಕೇಳುತ್ತಾರೆ. ಇದಕ್ಕೆ ನಮ್ಮ ಹಿರಿಯರ ಅನುಭವವೇ ಉತ್ತರ. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಎಷ್ಟೋ ಜಮೀನು ಮಗಳ ಮದುವೆಗೆ, ಆಸ್ಪತ್ರೆಗೆ, ಹೆಂಡದ ಸಾಲಕ್ಕೆ ಉಳ್ಳವರ ಕೈ ಸೇರಿತು. ಅದನ್ನು ತಡೆಯಲೆಂದೇ 1978ರ ಪಿಟಿಸಿಎಲ್ ಕಾಯ್ದೆ ಬರಬೇಕಾಯಿತು. ಮಾರಿದ್ದು ಅಸಿಂಧು ಎಂದು ಕಾಯ್ದೆ ಹೇಳಿದರೂ, ತಡವಾಗಿ ಬಂದಿರಿ ಎಂದು ಅರ್ಜಿಗಳು ಬಿದ್ದುಹೋದವು. ಧರಣಿ ಕೂತ ಮೇಲೆ 2023ರಲ್ಲಿ ಆ ಕಾಲಮಿತಿಯನ್ನು ತೆಗೆಯುವ ತಿದ್ದುಪಡಿ ಬಂತು. ಒಬ್ಬನ ಹೆಬ್ಬೆಟ್ಟನ್ನು ಒಂದು ರಾತ್ರಿಯಲ್ಲಿ ಕೊಳ್ಳಬಹುದು. ನಲವತ್ತೊಂದು ಹೆಬ್ಬೆಟ್ಟನ್ನು ಒಟ್ಟಿಗೆ ಕೊಳ್ಳುವುದು ಕಷ್ಟ.

ಅದು ಏಜೆಂಟನಿಗೂ ಗೊತ್ತಿತ್ತು. ಅವನು ಸಭೆಗೆ ಬರಲಿಲ್ಲ, ಮನೆಮನೆಗೆ ಬಂದ, ಅದೂ ಕತ್ತಲಾದ ಮೇಲೆ. ಏಳು ಮನೆಯವರು 50 ಸಾವಿರ ತೆಗೆದುಕೊಂಡು ಹೋದರು. ಅವರನ್ನು ನಾವು ದ್ರೋಹಿಗಳು ಎಂದೆವು. ಈಗ ಆ ಮಾತಿಗೆ ಪಶ್ಚಾತ್ತಾಪ ಪಡುತ್ತೇವೆ. ಒಬ್ಬರ ಮನೆಯಲ್ಲಿ ಕಿಡ್ನಿಯ ಕಾಯಿಲೆ ಇತ್ತು. ಇನ್ನೊಬ್ಬರಿಗೆ ವಾರದ ಸಂಘದ ಕಂತಿನವರು ಬಾಗಿಲಲ್ಲೇ ಕೂತಿದ್ದರು.

ಹೋದವರ ಗತಿ ನೋಡಿದೆವು. ಆ ಏಳು ಮನೆಯಲ್ಲಿ ಒಬ್ಬ ಗೆಳೆಯನಿದ್ದ, ನಮ್ಮ ಜೊತೆ ಓದಿದವನು. ಅವನ ಜೊತೆ ಮನೆ ಹುಡುಕಲು ನಾವೂ ಊರೆಲ್ಲ ತಿರುಗಿದೆವು, ರವೀಂದ್ರನಗರವನ್ನೂ ಸೇರಿಸಿ. ಗೇಟಿಗೆ ಬಾಡಿಗೆಗಿದೆ ಎಂಬ ಬೋರ್ಡು ತೂಗುತ್ತಿರುತ್ತದೆ. ಒಳಗಿನಿಂದ ಬಂದವರು ಮೊದಲು ಕೆಲಸ ಕೇಳುತ್ತಾರೆ, ಆಮೇಲೆ ಊರು, ಆಮೇಲೆ ಊಟ, ಕೊನೆಗೆ "ನೀವು ಯಾರ ಪೈಕಿ?" ಆ ಉತ್ತರ ಕೇಳಿದ ಮೇಲೆ ಮನೆ ನಿನ್ನೆಯೇ ಬೇರೆಯವರಿಗೆ ಹೋಗಿರುತ್ತದೆ. ಯಾವ ಊರು, ಯಾವ ಬಡಾವಣೆಯೂ ಇದಕ್ಕೆ ಹೊರತಲ್ಲ. ಚಿಕ್ಕಂದಿನಲ್ಲಿ ಅಕ್ಷರ ಕಲಿತ ಗೋಡೆಗಳ ಮುಂದೆ ನಾವು ಡಿಗ್ರಿ ಹಿಡಿದು ನಿಂತಿದ್ದೆವು. ಕೊನೆಗೆ ಅವನಿಗೆ ಸಿಕ್ಕಿದ್ದು ತಿಂಗಳಿಗೆ ನಾಲ್ಕು ಸಾವಿರದ ಒಂದು ಕೋಣೆ, ನಮ್ಮದರಂಥದೇ ಇನ್ನೊಂದು ಕೇರಿಯಲ್ಲಿ. ಆ 50 ಸಾವಿರ ಅಡ್ವಾನ್ಸಿಗೂ ಹಳೆ ಸಾಲಕ್ಕೂ ಸರಿಹೋಯಿತು.

ಮೆರೆಡಿತ್‌ನ ಬಡವನಿಗೂ ನಮಗೂ ಇರುವ ಅಂತರ ಇದು. ಜಾಗ ಹೋದರೆ ಅವನಿಗೆ ದುಡ್ಡಿನ ತಾಪತ್ರಯ. ನಮಗೆ ದುಡ್ಡಿದ್ದರೂ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಕಾಲ ಕೆಳಗಿನ ಈ ಮೂವತ್ತು ಗುಂಟೆ ನಮಗೆ ಆಸ್ತಿಯಲ್ಲ. ಯಾರ ಪೈಕಿ ಎಂದು ಯಾರೂ ಕೇಳದ ಜಾಗ ಅದೊಂದೇ.

ನಮ್ಮ ಬೇಡಿಕೆ ಮೂರೇ. ಖಾಸಗಿ ನೆಲದಲ್ಲಿ ಜನ ನೆಲೆಸಿರುವ ಕಡೆ ಒಡೆಯ ಮಾರುವ ಮುಂಚೆ ನೋಟೀಸು ಕೊಡಬೇಕು, ಕೊಳ್ಳುವ ಮೊದಲ ಹಕ್ಕು ಅಲ್ಲಿರುವವರ ಸಂಘಕ್ಕಿರಬೇಕು. ಭೂ ಒಡೆತನ ಯೋಜನೆಯಲ್ಲಿ ಹೊಲಕ್ಕೆ ಕೊಡುವ ಹಾಗೆ ಮನೆಯ ನೆಲಕ್ಕೂ ಸಹಾಯಧನ, ಸಾಲ ಕೊಡಬೇಕು. ಹಳ್ಳಿಗೆ ಸಿಕ್ಕ 38ಎ ಹಕ್ಕು, ಪಟ್ಟಣ ನುಂಗಿದ ಹಳ್ಳಿಯವರಿಗೂ ಸಿಗಬೇಕು, ನಮ್ಮ ಓಣಿಯ ಅಗಲವನ್ನು ಲೇಔಟಿನ ಅಳತೆಗೋಲಿನಲ್ಲಿ ಅಳೆಯಬಾರದು.

ಹಳ್ಳಿಗಳಲ್ಲಿ ಪಾಠ ಹೇಳುವ ಮೇಷ್ಟ್ರುಗಳಿಗೆ, ಓದುತ್ತಿರುವ ಗೆಳೆಯರಿಗೆ ಒಂದು ಕೆಲಸ ಹೇಳುತ್ತೇವೆ. ನಿಮ್ಮ ಪಕ್ಕದ ಕೇರಿಗೆ ಹೋಗಿ, ನಿಮ್ಮ ಮನೆಯ ಕೆಳಗಿನ ನೆಲ ಯಾರ ಹೆಸರಲ್ಲಿದೆ ಎಂದು ಕೇಳಿ. ಸರ್ವೆ ನಂಬರು ಹುಡುಕಿ ಪಹಣಿ ತೆಗೆಸಿ. ರೇಷನ್ ಕಾರ್ಡು, ಓಟರ್ ಪಟ್ಟಿ, ಕರೆಂಟಿನ ಬಿಲ್ಲು, ಮಕ್ಕಳ ಶಾಲೆಯ ದಾಖಲಾತಿ, ವಿಳಾಸವಿರುವ ಪ್ರತಿ ಕಾಗದವನ್ನೂ ಒಂದು ಕಡೆ ಕಟ್ಟಿಸಿ. ಟೇಪು ಹಿಡಿದವರು ಬಂದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಬಾಡಿಗೆ ಕೊಡುವವರಿಗೆ ರಸೀದಿ ಕೇಳಲು ಹೇಳಿ. ಕೊಡದಿದ್ದರೆ ಕೊಡಲಿಲ್ಲ ಎಂಬುದಕ್ಕೆ ಒಂದು ಗುರುತು ಮಾಡಿಸಿ.

ಉಳಿದಿರುವ 34 ಮನೆಯವರು ಸಂಘ ಮಾಡಿಕೊಂಡಿದ್ದೇವೆ. ಪಾಸ್‌ಬುಕ್ಕು ಮೂವರು ಹೆಂಗಸರ ಹೆಸರಿನಲ್ಲಿದೆ. ಜನ ಕದಲದ ಜಾಗ ಎಂದು ಗೊತ್ತಾಗಿ ಕೊಳ್ಳಲು ಬಂದವರು ಹಿಂದೆ ಮುಂದೆ ನೋಡುತ್ತಿದ್ದಾರೆ. ಧಣಿಯ ಮಕ್ಕಳು ಬಾಡಿಗೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ತೆಗೆದುಕೊಂಡರೆ ನಾವು ಬಾಡಿಗೆದಾರರು ಎಂದು ಒಪ್ಪಿದ ಹಾಗಾಗುತ್ತದಲ್ಲ. ಒಬ್ಬ ವಕೀಲರು ಹೇಳಿದಂತೆ, ಬಾಡಿಗೆ ಕೊಡಲು ಸಿದ್ಧರಿದ್ದೇವೆ ಎಂದು ಕಾಗದ ಬರೆದು, 34 ಹೆಸರು ಹಾಕಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. ಹತ್ತು ದಿನಕ್ಕೆ ಲಕೋಟೆ ಒಡೆಯದೆ ವಾಪಸು ಬಂತು. ಮೇಲೆ ಅಂಚೆಯವರ ಷರಾ ಇತ್ತು: ಸ್ವೀಕರಿಸಲು ನಿರಾಕರಿಸಿದ್ದಾರೆ.

ಓದಿ ಹೇಳಿದೆವು. ಅಜ್ಜಿ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದ್ರಾಗೆ ಅವ್ರ ಹೆಸ್ರು ಐತಾ?" ಅಂದಳು. ಇದೆ ಎಂದೆವು. "ನಮ್ ಹೆಸ್ರು?" ಅದೂ ಇದೆ ಎಂದೆವು. ಒಂದೇ ಕಾಗದದಲ್ಲಿ ಎರಡೂ ಕಡೆಯ ಹೆಸರು ಬಂದದ್ದು ಐವತ್ತು ವರ್ಷದಲ್ಲಿ ಅದೇ ಮೊದಲು. ಅವಳು ಅದನ್ನು ಬಾಗಿಲ ಹಿಂದೆ, ಸುಣ್ಣದ ಗೀಟುಗಳ ಪಕ್ಕ, ಮೊಳೆ ಹೊಡೆದು ತೂಗಿಹಾಕಲು ಹೇಳಿದಳು. ಆಮೇಲೆ ಬಟ್ಟಲಲ್ಲಿ ಸುಣ್ಣ ಕಲಸಿಕೊಂಡು ಬಂದು ಆ ತಿಂಗಳ ಗೀಟನ್ನೂ ಎಳೆದಳು.